ವೈದ್ಯರಲ್ಲದವರಿಗೂ ಒಂದು ಆರೋಗ್ಯ ವ್ಯಾಸಂಗ



ಪದವಿಯ ಕೊನೆಯ ವರ್ಷದಲ್ಲಿರುವ ಹುಡುಗ ಹುಡುಗಿಯರು ಆಗಾಗ್ಗೆ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಸರ್, ನಮಗೆ ಮೆಡಿಕಲ್ ಸೀಟು ಸಿಗಲಿಲ್ಲ. ಆದರೂ ಆರೋಗ್ಯಕ್ಕೆ ಸಂಬಂಧಪಟ್ಟದ್ದನ್ನು ಓದಬಹುದೇ?" ಓದಬಹುದು. ಎಂ.ಪಿ.ಎಚ್. ಎಂದು ಕರೆಯುವ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎರಡು ವರ್ಷಗಳದ್ದು. ಅಲ್ಲಿ ಏನು ಕಲಿಸುತ್ತಾರೆ ಎಂದು ಪಠ್ಯಪಟ್ಟಿಯನ್ನು ಓದಿ ಹೇಳಿದರೆ ನಿಮಗೆ ಬೇಸರವಾದೀತು. ಅದಕ್ಕೆ ಬದಲಾಗಿ ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲಿನ ಕಡೆಗೆ ಹೋಗಿಬರೋಣ.

ಉಳ್ಳಾರ್ತಿ ಕಾವಲ್ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಒಂದು. ದನ ಕುರಿಗಳು ಮೇಯುವ ಬಯಲು. 2010ರ ಆಸುಪಾಸಿನಲ್ಲಿ ಈ ಭಾಗದ ಕಾವಲು ಜಮೀನನ್ನು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದರಿಂದ ಹೆಸರು ಪತ್ರಿಕೆಗಳಲ್ಲಿ ಬಂತು. ನಾನು ಹೇಳುವ ವಿಜ್ಞಾನಕ್ಕೆ ಅಷ್ಟು ಎಕರೆ ಬೇಕಾಗಿಲ್ಲ. ಒಂದು ನೋಟ್ ಪುಸ್ತಕ ಮತ್ತು ಕೇಳುವ ತಾಳ್ಮೆ ಸಾಕು.

ಚಳ್ಳಕೆರೆ, ಮೊಳಕಾಲ್ಮೂರು, ಪಕ್ಕದ ಪಾವಗಡ, ಇವೆಲ್ಲ ಮಳೆ ಕಡಿಮೆಯ ಸೀಮೆ. ಕೊಳವೆಬಾವಿಯೇ ಆಧಾರ. ನೆಲದಡಿಯ ಕಲ್ಲಿನಿಂದ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ತನಕ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಈಗ ಒಂದು ಊರನ್ನು ಊಹಿಸಿಕೊಳ್ಳಿ. ಕಳೆದ ವರ್ಷ ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನೀವು ಶಾಲೆಗೆ ಹೋಗಿ ಏಳನೆಯ ತರಗತಿಯ ಮಕ್ಕಳ ಹಲ್ಲು ನೋಡುತ್ತೀರಿ. ಮುಕ್ಕಾಲು ಪಾಲು ಮಕ್ಕಳ ಹಲ್ಲಿನಲ್ಲಿ ಕಲೆ. "ಘಟಕದಿಂದ ಏನೂ ಪ್ರಯೋಜನವಾಗಿಲ್ಲ" ಎಂದು ವರದಿ ಬರೆಯುತ್ತೀರಾ?

ಬರೆದರೆ ತಪ್ಪು. ಮುಂಭಾಗದ ಕಾಯಂ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಎಳೆಯ ವಯಸ್ಸಿನಲ್ಲಿ. ಕಲೆ ಬೀಳುವುದೂ ಆಗಲೇ. ಹನ್ನೆರಡು ವರ್ಷದ ಹುಡುಗಿಯ ಹಲ್ಲು ಹೇಳುವುದು ಆಕೆ ಎರಡು ಮೂರು ವರ್ಷದವಳಿದ್ದಾಗ ಕುಡಿದ ನೀರಿನ ಕಥೆಯನ್ನು. ಇವತ್ತಿನ ನೀರಿನ ಸಂಗತಿ ಬೇಕಾದರೆ ಮೂತ್ರದಲ್ಲಿರುವ ಫ್ಲೋರೈಡನ್ನು ಅಳೆಯಬೇಕು. ಹಾಗೆ ಅಳೆದಾಗಲೂ ಹೆಚ್ಚೇ ಬಂತೆನ್ನಿ. ಆಗ ಮನೆಯ ಅಡುಗೆ ಕೋಣೆಗೆ ಹೋಗಬೇಕು. ಕುಡಿಯುವುದಕ್ಕೆ ಕ್ಯಾನಿನ ನೀರು, ಮುದ್ದೆ ಸಾರಿಗೆ ನಲ್ಲಿಯ ಕೊಳವೆಬಾವಿ ನೀರು ಎಂದಾಗಿದ್ದರೆ? ಹೊಲಕ್ಕೆ ಹೋದಾಗ ಯಾವ ನೀರು? ಕುರಿಯ ಹಿಂದೆ ದಿನವಿಡೀ ಅಲೆಯುವ ಅಜ್ಜ ಎಲ್ಲಿ ಬಾಯಾರಿಕೆ ತೀರಿಸಿಕೊಳ್ಳುತ್ತಾನೆ? ಇದನ್ನು ಅಡುಗೆ ಮಾಡುವ ತಾಯಿಯೇ ಹೇಳಬೇಕು, ಪ್ರಯೋಗಶಾಲೆ ಹೇಳಲಾರದು.

ರೋಗ ಯಾರಿಗೆ, ಎಲ್ಲಿ, ಯಾವಾಗ ಬಂತೆಂದು ಹುಡುಕುವ ಶಾಸ್ತ್ರ, ಸಂಖ್ಯಾಶಾಸ್ತ್ರ, ಪರಿಸರ, ಸಮಾಜಶಾಸ್ತ್ರ, ಆರೋಗ್ಯದ ಅರ್ಥಶಾಸ್ತ್ರ, ಆಡಳಿತ ಎಲ್ಲವೂ ಈ ಒಂದೇ ಪ್ರಶ್ನೆಯೊಳಗೆ ಬಂದುಬಿಟ್ಟವು. ಎಂ.ಪಿ.ಎಚ್. ತರಗತಿಯಲ್ಲಿ ಇವೇ ವಿಷಯಗಳು.

ಇಂಥ ಪ್ರಶ್ನೆ ದೇಶದ ಕಾರ್ಯಕ್ರಮವನ್ನೇ ಬದಲಿಸಿದ್ದಕ್ಕೆ ನೆರೆಯ ತುಮಕೂರು ಜಿಲ್ಲೆಯೇ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನೇ ಮಾತನಾಡಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಎಷ್ಟೋ ಮಂದಿ ಕಫ ಪರೀಕ್ಷೆಯಿಲ್ಲದೆ ಕೆಮ್ಮಿನ ಔಷಧದ ಸೀಸೆ ಹಿಡಿದು ವಾಪಸಾಗಿದ್ದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನ ತಪ್ಪು ಹಳ್ಳಿಯವರದಲ್ಲ ಎಂದು ತೋರಿಸಿತು. ಕ್ಷಯದ ಪತ್ತೆ ಮತ್ತು ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಕೊಡಬೇಕೆಂಬ ರಾಷ್ಟ್ರೀಯ ನೀತಿಗೆ ಇಂಥ ಕೆಲಸವೇ ಬೆನ್ನೆಲುಬಾಯಿತು.

ಎಲ್ಲಿ ಓದಬಹುದು? ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂ.ಪಿ.ಎಚ್. ಕಲಿಸುತ್ತಿದೆ. ನಮ್ಮಲ್ಲಿ ಮಣಿಪಾಲ, ಮೈಸೂರಿನ ಜೆ.ಎಸ್.ಎಸ್. ಮುಂತಾದ ಕಡೆ ಉಂಟು. ವೈದ್ಯ, ದಂತವೈದ್ಯ, ನರ್ಸಿಂಗ್ ಪದವೀಧರರಿಗಲ್ಲದೆ ಅನೇಕ ಕಡೆ ವಿಜ್ಞಾನ, ಸಮಾಜವಿಜ್ಞಾನದವರಿಗೂ ಪ್ರವೇಶವಿದೆ. ಅರ್ಹತೆಯೂ ಶುಲ್ಕವೂ ಒಂದೊಂದು ಕಡೆ ಒಂದೊಂದು ಥರ. ಸೇರುವ ಮೊದಲು ಒಂದು ಮಾತನ್ನು ಕೇಳಿ ತಿಳಿದುಕೊಳ್ಳಿ: ವಿದ್ಯಾರ್ಥಿಗಳನ್ನು ಎಷ್ಟು ವಾರ ಹಳ್ಳಿಗೆ ಕಳಿಸುತ್ತಾರೆ? ಕೊಠಡಿಯಲ್ಲೇ ಮುಗಿಯುವ ಎಂ.ಪಿ.ಎಚ್.ಗೆ ಹಣ ಸುರಿಯಬೇಡಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲಸದ ವಿಚಾರ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಪದವಿ ಪಡೆದರೆ ರೋಗಿಗೆ ಔಷಧ ಬರೆದುಕೊಡುವ ಹಕ್ಕು ಬರುವುದಿಲ್ಲ. ಸರ್ಕಾರದ ಆರೋಗ್ಯ ಅಭಿಯಾನದಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನೆಯಲ್ಲಿ ಕೆಲಸಗಳಿವೆ. ಆದರೆ ಬಹಳಷ್ಟು ಗುತ್ತಿಗೆಯವು, ವರ್ಷ ವರ್ಷ ನವೀಕರಿಸಿಕೊಳ್ಳಬೇಕು. ಸಾಲ ಮಾಡಿ ಓದಿಸುವ ತಂದೆತಾಯಿಗೆ ಇದನ್ನು ಮೊದಲೇ ತಿಳಿಸಿ. ಅವರು "ಡಾಕ್ಟರ್ ಅಲ್ಲ, ನರ್ಸೂ ಅಲ್ಲ, ಮತ್ತೇನಪ್ಪಾ ಇದು?" ಎಂದರೆ ಆ ಏಳನೆಯ ತರಗತಿಯ ಹುಡುಗಿಯ ಹಲ್ಲಿನ ಲೆಕ್ಕವನ್ನೇ ಹೇಳಿ ನೋಡಿ. ಚಳ್ಳಕೆರೆ ಸೀಮೆಯವರಾದರೆ ಅರ್ಧ ಮಾತಿಗೇ ಅವರಿಗೆ ಅರ್ಥವಾಗುತ್ತದೆ.