ಕಿಡಿ ತಪ್ಪಿದ ಕಾರು

ಮಳೆಗಾಲದ ಒಂದು ಸಂಜೆ. ಬನಶಂಕರಿ ಎರಡನೆಯ ಹಂತದ ಏರು ರಸ್ತೆಯಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ಇದ್ದಕ್ಕಿದ್ದಂತೆ ನಡುಗತೊಡಗಿತು. ಆಕ್ಸಿಲರೇಟರ್ ತುಳಿದರೂ ಮುಂದಕ್ಕೆ ಹೋಗಲೊಲ್ಲದು. ಎದುರಿನ ಫಲಕದಲ್ಲಿ ಎಂಜಿನ್ ಚಿತ್ರವಿರುವ ಹಳದಿ ದೀಪ ಮಿಣುಕುತ್ತಿತ್ತು. ನಾಲ್ವರು ಹೊರಬೇಕಾದ ಪಲ್ಲಕ್ಕಿಗೆ ಮೂವರೇ ಹೆಗಲು ಕೊಟ್ಟರೆ ಹೇಗೆ ಓಲಾಡುತ್ತದೆಯೋ ಹಾಗಿತ್ತು ಕಾರಿನ ಸ್ಥಿತಿ. ಅದರ ನಾಲ್ಕು ಸಿಲಿಂಡರುಗಳಲ್ಲಿ ಒಂದು ಕೆಲಸ ನಿಲ್ಲಿಸಿತ್ತು.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಉರಿಯುವುದು ಕಿಡಿಯಿಂದ. ಕಿಡಿ ಹಾರಿಸುವುದು ಸ್ಪಾರ್ಕ್ ಪ್ಲಗ್. ಆ ಪ್ಲಗ್ಗಿಗೆ ಬೇಕಾದ ವಿದ್ಯುತ್ತನ್ನು ಒದಗಿಸುವುದು ಇಗ್ನಿಷನ್ ಕಾಯಿಲ್. ಈ ವಿದ್ಯೆಗೂ ದಕ್ಷಿಣ ಬೆಂಗಳೂರಿಗೂ ಹಳೆಯ ನಂಟಿದೆ. 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆಯ ಆಡುಗೋಡಿಯ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗುಗಳು ದೇಶದ ಮೂಲೆಮೂಲೆಗೂ ಹೋದವು. 2008ರಲ್ಲಿ ಸಂಸ್ಥೆಯ ಹೆಸರು ಬಾಷ್ ಎಂದಾಯಿತು. ಆದರೆ ಬಿಟಿಎಂ ಬಡಾವಣೆಯ ಕಡೆ ಹೋದರೆ ಮೈಕೋ ಲೇಔಟ್ ಎಂಬ ಹೆಸರು ಇಂದಿಗೂ ಕೇಳಿಬರುತ್ತದೆ.

ಈಗ ನಿಮಗೊಂದು ಪ್ರಶ್ನೆ. ಕಾರಿನ ಬ್ಯಾಟರಿಯಲ್ಲಿರುವುದು 12 ವೋಲ್ಟ್. ತೆರೆದ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ಕಿಡಿ ದಾಟಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಸಿಲಿಂಡರಿನೊಳಗೆ ಗಾಳಿ ಒತ್ತಿ ತುಂಬಿರುವುದರಿಂದ ಅದರ ಹಲವು ಪಟ್ಟು ಬೇಕು. ಹಾಗಾದರೆ 12 ವೋಲ್ಟ್ ಎಂಬ ಗಿಡ್ಡನು ಈ ಗೋಡೆಯನ್ನು ಹಾರುವುದು ಹೇಗೆ?

ಕಾಯಿಲ್‌ನೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ತಂತಿಸುರುಳಿಗಳಿರುತ್ತವೆ. ಪ್ರಾಥಮಿಕ ಸುರುಳಿಯಲ್ಲಿ ದಪ್ಪ ತಂತಿಯ ನೂರಿನ್ನೂರು ಸುತ್ತುಗಳು. ದ್ವಿತೀಯಕ ಸುರುಳಿಯಲ್ಲಿ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳು, ಸುಮಾರು ನೂರು ಪಟ್ಟು ಹೆಚ್ಚು. ನೀವು ತಕ್ಷಣ ಲೆಕ್ಕ ಹಾಕುತ್ತೀರಿ: 12ನ್ನು ನೂರರಿಂದ ಗುಣಿಸಿದರೆ 1,200 ಮಾತ್ರ. ಅದು ಸಾಲದಲ್ಲ!

ಗುಟ್ಟು ಇರುವುದು ಇಲ್ಲಿ. ಕಿಡಿ ಹುಟ್ಟುವುದು ವಿದ್ಯುತ್ ಹರಿಯುವಾಗ ಅಲ್ಲ, ಹರಿಯುತ್ತಿದ್ದ ವಿದ್ಯುತ್ತನ್ನು ತಟ್ಟನೆ ತಡೆದಾಗ. ರಭಸದಿಂದ ನೀರು ಬರುತ್ತಿರುವ ನಲ್ಲಿಯನ್ನು ಒಮ್ಮೆಲೇ ಮುಚ್ಚಿದರೆ ಕೊಳವೆ ದಡ್ಡೆಂದು ಸದ್ದು ಮಾಡುವುದನ್ನು ನೀವು ಕೇಳಿರಬಹುದು. ಇದೂ ಹಾಗೆಯೇ. ಪ್ರವಾಹವನ್ನು ತಡೆದ ಕ್ಷಣದಲ್ಲಿ ಕಾಂತಕ್ಷೇತ್ರ ಕುಸಿದು, ಪ್ರಾಥಮಿಕ ಸುರುಳಿಯಲ್ಲೇ ಮುನ್ನೂರು ನಾನೂರು ವೋಲ್ಟ್ ಏಳುತ್ತದೆ. ಅದರ ನೂರು ಪಟ್ಟು ಎಂದರೆ ಮೂವತ್ತು ನಲವತ್ತು ಸಾವಿರ ವೋಲ್ಟ್! ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮವೇ ಇದು. ಚೋಕ್ ಮತ್ತು ಸ್ಟಾರ್ಟರ್ ಇರುವ ಹಳೆಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳುವುದೂ ಇದೇ ತತ್ವದಿಂದ.

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿಗೆ ಸೆಕೆಂಡಿಗೆ 25 ಕಿಡಿಗಳು ಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800 ಕಾರಿನಲ್ಲಿ ಒಂದೇ ಕಾಯಿಲ್ ಇತ್ತು. ಅದರ ವಿದ್ಯುತ್ತನ್ನು ಡಿಸ್ಟ್ರಿಬ್ಯೂಟರ್ ಎಂಬ ಸಾಧನ ಸರದಿಯಂತೆ ಮೂರು ಸಿಲಿಂಡರುಗಳಿಗೆ ಹಂಚುತ್ತಿತ್ತು. ನಂತರ ಬಂದ ಅನೇಕ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ಆದ್ದರಿಂದಲೇ ಅದನ್ನು ಮನೆಯಲ್ಲಿ ಬದಲಿಸುವುದು ಸುಲಭವಾಗಿದೆ.

ಮತ್ತೆ ನನ್ನ ಕಾರಿಗೆ ಬರೋಣ. ದೋಷ ಓದುವ ಪುಟ್ಟ ಯಂತ್ರವನ್ನು ಜೋಡಿಸಿದಾಗ ‘ಪಿ 0303’ ಎಂಬ ಸಂಕೇತ ಕಂಡಿತು. ಮೂರನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದು ಅದರ ಅರ್ಥ. ಕಾಯಿಲೇ ಕೆಟ್ಟಿರಬೇಕೆಂದು ನಾನು ತೀರ್ಮಾನಿಸಿದೆ. ಜೆ.ಸಿ. ರಸ್ತೆಗೆ ಹೋಗಿ ಹೊಸದನ್ನು ತಂದು ಹಾಕಿದೆ. ಕಾರು ಸರಿಯಾಯಿತು. ಮನೆಯವರ ಮುಂದೆ ನನ್ನ ಜಂಬ ಹೇಳತೀರದು.

ನಾಲ್ಕೇ ತಿಂಗಳು. ಮತ್ತೆ ಅದೇ ನಡುಕ, ಅದೇ ದೀಪ, ಅದೇ ಸಂಕೇತ. ಇನ್ನೊಂದು ಕಾಯಿಲ್ ತರಲು ಚಪ್ಪಲಿ ಮೆಟ್ಟುತ್ತಿದ್ದೆ. ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ಕೇಳಿದಳು: “ಕೆಟ್ಟಿದ್ದು ಕಾಯಿಲೇ ಅಂತ ಹೇಗೆ ಗೊತ್ತು ಸಾರ್? ಹಾಗೇ ಇದ್ದರೂ, ಅದೇ ಜಾಗದ್ದು ಎರಡು ಸಲ ಯಾಕೆ ಕೆಡಬೇಕು?” ಭೌತಶಾಸ್ತ್ರ ಪಾಠ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ.

ಆಗ ನಾವು ಒಂದು ಪರೀಕ್ಷೆ ಮಾಡಿದೆವು. ಎಂಜಿನ್ ಆರಿಸಿ, ಅದು ಪೂರ್ತಿ ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲು ಬದಲು ಮಾಡಿದೆವು. ಬೇರೆ ಏನನ್ನೂ ಮುಟ್ಟಲಿಲ್ಲ. ಹಳೆಯ ಸಂಕೇತವನ್ನು ಅಳಿಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದಾಗ ‘ಪಿ 0302’ ಬಂತು. ಕಾಯಿಲಿನ ಜೊತೆಗೆ ದೋಷವೂ ಎರಡನೆಯ ಮನೆಗೆ ವಲಸೆ ಹೋಗಿತ್ತು! ಕಾಯಿಲ್ ಕೆಟ್ಟಿದೆ ಎಂಬುದು ಈಗ ಊಹೆಯಾಗಿ ಉಳಿಯಲಿಲ್ಲ. ದೋಷ ಮೂರರಲ್ಲೇ ನಿಂತಿದ್ದರೆ ಪ್ಲಗ್, ತಂತಿ ಅಥವಾ ಇಂಧನದ ಕಡೆ ನೋಡಬೇಕಾಗುತ್ತಿತ್ತು.

ಇನ್ನು ಎರಡನೆಯ ಪ್ರಶ್ನೆ. ಮೂರನೆಯ ಪ್ಲಗ್ಗನ್ನು ಬಿಚ್ಚಿ ನೋಡಿದೆವು. ಅದರ ತುದಿ ಸವೆದು, ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಅಂತರ ಬಹಳ ಹೆಚ್ಚಾಗಿತ್ತು. ಅಂತರ ಹೆಚ್ಚಿದಷ್ಟೂ ಕಿಡಿಗೆ ಹೆಚ್ಚು ವೋಲ್ಟ್ ಬೇಕು. ದಾರಿ ಸಿಗದ ವಿದ್ಯುತ್ತು ಕಾಯಿಲಿನ ಒಳಗಿನ ನಿರೋಧಕ ಪದರವನ್ನೇ ಸೀಳಿಕೊಂಡು ಹೊರಬೀಳುತ್ತದೆ. ಪ್ಲಗ್ಗಿನ ತಪ್ಪಿಗೆ ಕಾಯಿಲ್ ಪ್ರಾಣ ತೆತ್ತಿತ್ತು. ಮೊದಲ ಸಲ ನನ್ನ ಊಹೆ ಸರಿಯಾಗಿತ್ತು, ತೊಂದರೆಯಾದದ್ದೂ ಅದರಿಂದಲೇ. ಊಹೆ ಫಲಿಸಿದ್ದರಿಂದ ‘ಏಕೆ’ ಎಂದು ಕೇಳುವುದನ್ನೇ ಬಿಟ್ಟಿದ್ದೆ. ಈ ಸಲ ಒಂದು ಕಾಯಿಲ್, ನಾಲ್ಕು ಪ್ಲಗ್ ಬದಲಾದವು. ತೊಂದರೆ ಮರುಕಳಿಸಲಿಲ್ಲ.

ಈ ಕೆಲಸಕ್ಕೆ ಕೈಹಾಕುವವರು ಕೆಲವು ಮಾತುಗಳನ್ನು ನೆನಪಿಡಬೇಕು. ವಿದ್ಯಾರ್ಥಿಗಳು ಇದನ್ನು ಹಿರಿಯರ ಜೊತೆಯಲ್ಲೇ ಮಾಡಬೇಕು. ಮೊದಲು ಕಾರಿನ ಕೈಪಿಡಿ ಓದಿ. ಎಲ್ಲ ಕಾರುಗಳ ರಚನೆ ಒಂದೇ ಅಲ್ಲ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ. ಜೋಡಣೆಯ ಕೊಂಡಿಯನ್ನು ಒತ್ತಿ ಬಿಡಿಸಿ, ತಂತಿ ಹಿಡಿದು ಎಳೆಯಬೇಡಿ. ಬೋಲ್ಟ್ ತೆಗೆದ ನಂತರ ಕಾಯಿಲನ್ನು ಸ್ವಲ್ಪ ತಿರುಗಿಸಿ ನೇರವಾಗಿ ಮೇಲಕ್ಕೆತ್ತಿ. ಪ್ಲಗ್ ಬಿಚ್ಚುವ ಮುನ್ನ ಅದರ ಗುಣಿಯಲ್ಲಿರುವ ಧೂಳನ್ನು ಊದಿ ತೆಗೆಯಿರಿ, ಇಲ್ಲವಾದರೆ ನಮ್ಮ ರಸ್ತೆಗಳ ಧೂಳೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಗುಣಿಯಲ್ಲಿ ನೀರೋ ಎಣ್ಣೆಯೋ ಕಂಡರೆ ಅದರ ಮೂಲ ಹುಡುಕದೆ ಹೊಸ ಕಾಯಿಲ್ ಹಾಕಬೇಡಿ. ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಅತಿಯಾಗಿ ಬಿಗಿದರೆ ಮರೆ ಹಾಳಾಗುತ್ತದೆ. ಕಾಯಿಲ್ ಕೈಯಲ್ಲಿ ಹಿಡಿದು, ಎಂಜಿನ್ ತಿರುಗಿಸಿ ಕಿಡಿ ನೋಡುವ ಸಾಹಸವಂತೂ ಬೇಡವೇ ಬೇಡ.

ಮಿಣುಕುವ ದೀಪವನ್ನು ಅಲಕ್ಷಿಸಿ ಕಾರು ಓಡಿಸುವುದೂ ತಪ್ಪು. ಉರಿಯದೆ ಉಳಿದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿ ಉರಿದು ಅದನ್ನೇ ಸುಡುತ್ತದೆ. ಅದರ ಬೆಲೆ ಕಾಯಿಲಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಜೊತೆಗೆ, ಆ ಹೊಗೆಯನ್ನು ಉಸಿರಾಡುವವರು ಬಸ್ ನಿಲ್ದಾಣದಲ್ಲಿ ನಿಂತ ನೀವೇ.

ಮಿತ್ರರೇ, ಬೆಂಗಳೂರಿನಲ್ಲೇ ತಯಾರಾದ ರೇವಾ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಅಂಥ ಕಾರುಗಳಿಗೆ ಪ್ಲಗ್ಗೂ ಇಲ್ಲ, ಇಗ್ನಿಷನ್ ಕಾಯಿಲೂ ಇಲ್ಲ. ಮುಂದೆ ನೀವು ಕಾಯಿಲ್ ಬದಲಿಸುವ ಸಂದರ್ಭವೇ ಬಾರದಿರಬಹುದು. ಆದರೆ ಕೆಟ್ಟ ರೇಡಿಯೋ ಆಗಲಿ, ತಪ್ಪಿದ ಲೆಕ್ಕವಾಗಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಕ್ರಮ ನಿಮ್ಮ ಕೈಬಿಡದು. ಸರಿಹೋದ ಮೇಲೂ ‘ಇದು ಕೆಟ್ಟದ್ದೇಕೆ?’ ಎಂದು ಇನ್ನೊಮ್ಮೆ ಕೇಳಿ. ಪಕ್ಕದ ಮನೆಯ ಹುಡುಗಿ ನನಗೆ ಕಲಿಸಿದ್ದು ಅದನ್ನೇ.