ಆಟಗಾರನೂ ದುಡಿಮೆಗಾರನೆ

(ತ್ಯಾಮಗೊಂಡ್ಲಿನಲ್ಲಿ ಸೇರಿದ್ದ ಹಾಕಿ ಅಭಿಮಾನಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಾಕಿಯ ವಿಷಯದಲ್ಲಿ ಪಕ್ಷದ ಕಾರ್ಯಕರ್ತನಿಗೆ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಒಂದು ತಿಂಗಳಿಂದ ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ, ನೆಲಮಂಗಲದ ಬಸ್ಸಿನಲ್ಲಿ ನೀವು ಚರ್ಚಿಸುತ್ತಿರುವುದು ಬರಿಯ ಆಟದ ಮಾತಲ್ಲ. ಒಬ್ಬ ಹುಡುಗನ ಅನ್ನದ ಮಾತು. ಆದ್ದರಿಂದ ನೀವು ಕರೆದಾಗ ಬಂದೆ.

ಹುಡುಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾನೆ. ಹೆಸರು ನಿಮಗೆಲ್ಲ ಗೊತ್ತು, ನಾನು ಹೇಳುವುದಿಲ್ಲ. 19 ವರ್ಷದವನ ಹೆಗಲ ಮೇಲೆ ಊರಿನ ಆಸೆಯನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಅವನ ಹೊಡೆತ ನೋಡಿದವರು ಎರಡು ಪಂಗಡವಾಗಿದ್ದೀರಿ. ಓದು ಬಿಟ್ಟು ಬೆಂಗಳೂರಿಗೆ ಹೋಗಲಿ, ಲೀಗಿನ ಹರಾಜಿನಲ್ಲಿ ಲಕ್ಷಗಟ್ಟಲೆ ಬರುತ್ತದೆ ಎನ್ನುವವರು ಒಂದು ಪಂಗಡ. ಆಟದಿಂದ ಹೊಟ್ಟೆ ತುಂಬುವುದುಂಟೆ, ತೆಪ್ಪಗೆ ಅಪ್ಪನ ಅಂಗಡಿಯಲ್ಲಿ ಕೂರಲಿ ಎನ್ನುವವರು ಇನ್ನೊಂದು. ಎರಡು ಪಂಗಡದವರ ಪ್ರೀತಿಯೂ ನಿಜ. ಎರಡು ಪಂಗಡದವರ ಲೆಕ್ಕವೂ ಅರ್ಧ.

ಮೊದಲು ಹಳೆಯ ಮಾತು. ಧ್ಯಾನ್‌ಚಂದ್ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? 1922ರಲ್ಲಿ ಸಿಪಾಯಿಯಾಗಿ ಸೈನ್ಯಕ್ಕೆ ಸೇರಿದರು, 1956ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದವರಿಗೂ ಅನ್ನ ಕೊಟ್ಟದ್ದು ಸಿಪಾಯಿ ಕೆಲಸ. ನಮ್ಮ ಕೊಡಗಿನ ಎಂ. ಪಿ. ಗಣೇಶ್ ಸರ್ವಿಸಸ್ ತಂಡದಲ್ಲಿ ಆಡಿ ಬೆಳೆದವರು. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ನಾಯಕರಾಗಿದ್ದರು. ಹಣಕ್ಕಾಗಿ ಆಡುವವನನ್ನು ಒಲಿಂಪಿಕ್ಸ್‌ಗೆ ಸೇರಿಸದ ಕಾಲ ಅದು. ಆಟಗಾರ ಸೈನ್ಯದಲ್ಲಿ, ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ ನೌಕರ. ಸಂಜೆ ಮೈದಾನದಲ್ಲಿ ಆಟಗಾರ. ಬೆಂಗಳೂರಿನ ಎಂ.ಇ.ಜಿ., ಎ.ಎಸ್.ಸಿ., ಕೆನರಾ ಬ್ಯಾಂಕ್ ತಂಡಗಳ ಹೆಸರು ಕೇಳಿದ್ದೀರಲ್ಲ, ಅವು ಈ ಏರ್ಪಾಡಿನಲ್ಲಿ ಬೆಳೆದವು.

ಈಗ ಹೊಸ ಮಾತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಯಿತು. ಅದಕ್ಕಾಗಿ 2012ರ ಡಿಸೆಂಬರಿನಲ್ಲಿ ಆಟಗಾರರ ಹರಾಜು ನಡೆಯಿತು. ಪೆನಾಲ್ಟಿ ಕಾರ್ನರ್ ಹೊಡೆತದಲ್ಲಿ ಹೆಸರಾಗಿದ್ದ ಕೊಡಗಿನ ವಿ. ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76 ಸಾವಿರ ಡಾಲರಿಗೆ ಕೊಂಡಿತು. ನಿಮ್ಮ ಬಾಯಲ್ಲಿ ಸುತ್ತುತ್ತಿರುವುದು ಇಂಥ ಅಂಕಿಗಳೆ. ಆದರೆ ಇದೇ ರಘುನಾಥ್ ಇಂಡಿಯನ್ ಆಯಿಲ್ ಕಂಪನಿಯ ನೌಕರರೂ ಆಗಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಸೋಮವಾರಪೇಟೆಯ ಎಸ್. ವಿ. ಸುನಿಲ್ ದೇಶಕ್ಕೆ ಆಡಿದರು. ಅವರಿಗೆ ಭಾರತ್ ಪೆಟ್ರೋಲಿಯಂನ ನೌಕರಿ ಇತ್ತು. ಅಷ್ಟು ದೊಡ್ಡ ಆಟಗಾರರು ಒಂದು ಕಾಲನ್ನು ನೌಕರಿಯ ಮೇಲೆ ಊರಿಕೊಂಡೇ ಇನ್ನೊಂದು ಕಾಲನ್ನು ಲೀಗಿಗೆ ಇಟ್ಟರು.

ಆಮೇಲೆ ಏನಾಯಿತು? 2017ರ ಆಟದ ನಂತರ ಲೀಗ್ ನಿಂತುಹೋಯಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್ 28ಕ್ಕೆ. 2017ರಲ್ಲಿ 20 ವರ್ಷದವನಾಗಿದ್ದ ಹುಡುಗನಿಗೆ ಅಷ್ಟು ಹೊತ್ತಿಗೆ 27 ದಾಟಿತ್ತು. ಆಟಗಾರನ ಒಳ್ಳೆಯ ವಯಸ್ಸೆಲ್ಲ ಆ ನಡುವೆ ಕಳೆಯಿತು. ನೌಕರಿ ಇದ್ದವನಿಗೆ ಪ್ರತಿ ತಿಂಗಳು ಸಂಬಳ ಬಂತು. ಲೀಗನ್ನೇ ನಂಬಿ ಓದು ಬಿಟ್ಟವನು ಏನು ಮಾಡಬೇಕಾಗಿತ್ತು?

ಮಿಲ್ಲಿನ ಬಂಧುಗಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಬದಲಿ ಕೆಲಸಗಾರ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುತ್ತಾನೆ. ಕರೆದರೆ ಕೂಲಿ, ಕರೆಯದಿದ್ದರೆ ಮನೆ. ಲೀಗಿನ ಆಟಗಾರನೂ ಒಂದು ಬಗೆಯ ಬದಲಿಯೆ. ಅವನ ಗೇಟು ವರ್ಷಕ್ಕೊಮ್ಮೆ ತೆರೆಯುತ್ತದೆ, ಅಷ್ಟೆ. ಮಂಡಿಯ ವರ್ತಕರಿಗೂ ಗೊತ್ತು: ಹರಾಜಿನಲ್ಲಿ ಒಂದು ಚೀಲ ಹೆಚ್ಚು ಬೆಲೆಗೆ ಹೋಯಿತೆಂದು ಅಂಗಳದ ಚೀಲಗಳೆಲ್ಲ ಆ ಬೆಲೆಗೆ ಹೋಗುವುದಿಲ್ಲ.

2024ರ ಅಕ್ಟೋಬರಿನ ಹರಾಜಿನ ಲೆಕ್ಕ ನೋಡಿ. ಪುರುಷರ ತಂಡಗಳು ಎಂಟು. ಅವುಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಪ್ರತಿ ತಂಡಕ್ಕೆ 24 ಆಟಗಾರರು, ಅವರಲ್ಲಿ ಎಂಟು ಜನ ವಿದೇಶದವರು. ಉಳಿದದ್ದು 16. ಎಂಟು ತಂಡ ಸೇರಿದರೆ ಇಡೀ ದೇಶಕ್ಕೆ 128 ಜಾಗ. ಪ್ರತಿ ತಂಡವೂ ಕಿರಿಯರಿಗೆ ನಾಲ್ಕು ಜಾಗ ಕೊಡಬೇಕೆಂದು ನಿಯಮವಿತ್ತು. ಅಂದರೆ ದೇಶಕ್ಕೆಲ್ಲ 32. ಪಂಜಾಬು, ಒಡಿಶಾ, ಜಾರ್ಖಂಡ್, ಕೊಡಗು, ಎಲ್ಲ ಕಡೆಯ ಹುಡುಗರೂ ಆ 32ರ ಬಾಗಿಲಲ್ಲಿ ನಿಂತಿದ್ದರು. ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾಗಿದ್ದದ್ದು ನಾಲ್ಕು ಕೋಟಿ. ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ 78 ಲಕ್ಷ ಬಿತ್ತು, ಅವರ ಆಟಕ್ಕೆ ಅದು ಸಲ್ಲಬೇಕಾದದ್ದೆ. ಆದರೆ ಅತಿ ಕಡಿಮೆ ಮೂಲ ಬೆಲೆ ಎರಡು ಲಕ್ಷವಿತ್ತು. ಅದನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 16,666 ರೂಪಾಯಿ. ಮುಂದಿನ ವರ್ಷ ಯಾರೂ ಕೂಗದಿದ್ದರೆ ಅದೂ ಇಲ್ಲ.

ಹಾಗಾದರೆ ಲೀಗಿಗೆ ಹೋಗಬಾರದೆ? ಖಂಡಿತ ಹೋಗಬೇಕು. ಆಟವನ್ನು ನೋಡುವವರು ಕಾಸು ಕೊಡುತ್ತಾರೆ, ತಂಡದ ಮಾಲೀಕ ಹೆಸರು ಪಡೆಯುತ್ತಾನೆ. ಬೆವರು ಸುರಿಸಿದವನಿಗೆ ಪಾಲು ಬೇಡವೆ? ದುಡ್ಡು ಮುಟ್ಟಿದರೆ ಆಟ ಕೆಡುತ್ತದೆ ಎಂದು ಉಪದೇಶ ಮಾಡುವವರ ಮನೆಯಲ್ಲಿ ಸಾಮಾನ್ಯವಾಗಿ ಅನ್ನಕ್ಕೆ ಕೊರತೆ ಇರುವುದಿಲ್ಲ. ನನ್ನ ಮಾತು ಇಷ್ಟೆ: ನೌಕರಿ ಮುಂದೆ ಇರಲಿ, ಹರಾಜು ಹಿಂದೆ ಬರಲಿ.

ದಾರಿ ಯಾವುದು ಎಂದು ಕೇಳುತ್ತೀರಿ. ಮೊದಲನೆಯದು, ಹುಡುಗ ಪದವಿ ಮುಗಿಸಲಿ. ಕಾಲೇಜಿನಲ್ಲಿದ್ದರೆ ವಿಶ್ವವಿದ್ಯಾಲಯದ ತಂಡದ ಬಾಗಿಲು ತೆರೆದಿರುತ್ತದೆ. ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯಗಳು. ಓದು ಬಿಟ್ಟ ದಿನವೇ ಆ ಬಾಗಿಲು ಮುಚ್ಚಿತು. ಎರಡನೆಯದು, ಜೂನಿಯರ್ ವಯಸ್ಸು ಬೇಗ ಮುಗಿಯುತ್ತದೆ. ವಯಸ್ಸಿನ ಮಿತಿಯೊಳಗೆ ಇರುವಾಗ ರಾಜ್ಯದ ಜೂನಿಯರ್ ತಂಡದ ಆಯ್ಕೆಯನ್ನು ಅವನು ತಪ್ಪಿಸಬಾರದು. ಮೂರನೆಯದು, ಸೈನ್ಯ, ರೈಲ್ವೆ, ಬ್ಯಾಂಕು, ತೈಲ ಕಂಪನಿಗಳು ಕ್ರೀಡಾಪಟುಗಳನ್ನು ತೆಗೆದುಕೊಳ್ಳುವ ಪ್ರಕಟಣೆಗಳನ್ನು ಕಾದು ನೋಡಿ ಅರ್ಜಿ ಹಾಕಬೇಕು. ಅಂಥ ಅರ್ಜಿಗೆ ಆಟದ ಪ್ರಮಾಣಪತ್ರದ ಜೊತೆಗೆ ಓದಿನ ಪ್ರಮಾಣಪತ್ರವೂ ಬೇಕು. ನಾಲ್ಕನೆಯದು, ಲೀಗ್ ಕರೆದರೆ ಕರಾರನ್ನು ಓದಿ ಸಹಿ ಹಾಕಲಿ. ಮಂಡಿಚಿಪ್ಪು ಒಡೆದರೆ ಆಸ್ಪತ್ರೆ ಖರ್ಚು ಯಾರದು? ಗಾಯವಾಗಿ ಕೂತ ದಿನಗಳಿಗೆ ದುಡ್ಡು ಉಂಟೆ? ಎಷ್ಟು ದಿನಕ್ಕೆ ಪಾವತಿ? ಇವುಗಳಿಗೆ ಕಾಗದದಲ್ಲಿ ಉತ್ತರ ಇರಬೇಕು, ಬಾಯಿಮಾತಿನಲ್ಲಿ ಅಲ್ಲ.

ಇನ್ನು ನಮ್ಮ ಪಾಲಿನ ಕೆಲಸ. 1976ರ ಮಾಂಟ್ರಿಯಲ್‌ನಿಂದ ಒಲಿಂಪಿಕ್ಸ್ ಹಾಕಿಯೆಲ್ಲ ಕೃತಕ ಹುಲ್ಲಿನ ಮೇಲೆ ನಡೆಯುತ್ತಿದೆ. ಆ ವರ್ಷ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ನಮ್ಮ ಹುಡುಗ ಮಣ್ಣಿನ ಮೇಲೆ ಕಲಿತವನು. ಹುಲ್ಲಿನ ಮೇಲೆ ಚೆಂಡಿನ ಓಟವೇ ಬೇರೆ. ಅವನು ವಾರಕ್ಕೆ ಎರಡು ದಿನವಾದರೂ ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಮೈದಾನದಂಥ ಕಡೆ ಅಭ್ಯಾಸ ಮಾಡಬೇಕು. ಬಸ್ ಖರ್ಚು, ಷೂ, ಸ್ಟಿಕ್ಕು, ಇವು ಒಂದು ಸಣ್ಣ ಅಂಗಡಿಯ ಲಾಭದಲ್ಲಿ ಹುಟ್ಟುವುದಿಲ್ಲ. ಇಲ್ಲಿ ಕೂತಿರುವವರು ತಿಂಗಳಿಗೆ ಒಂದು ಹೊತ್ತಿನ ಕಾಫಿ ತಿಂಡಿಯ ದುಡ್ಡು ಕೊಟ್ಟರೆ ಸಾಕು. ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಎಲ್ಲರಿಗೂ ತೋರಿಸಿ. ಅವನು ನಾಳೆ ದೊಡ್ಡವನಾದರೆ ಅದನ್ನು ಹಿಂದಕ್ಕೆ ಕೇಳಬೇಡಿ. ಆಗದಿದ್ದರೆ ಅವನನ್ನು ಬಯ್ಯಬೇಡಿ.

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನಗಳ ಹಾಕಿ ಪಂದ್ಯವನ್ನು 60 ತಂಡಗಳಿಂದ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಅವರನ್ನು ಯಾರೂ ಹರಾಜಿನಲ್ಲಿ ಕೊಳ್ಳಲಿಲ್ಲ. ಊರವರು ಕೈಯಿಂದ ಹಾಕಿ ನಡೆಸಿದರು, ಅದಕ್ಕೇ ಅದು ಬೆಳೆಯಿತು. ನಮ್ಮಲ್ಲಿ ಈಗ ಇರುವುದು ಒಬ್ಬನೇ ಹುಡುಗ. ಅವನ ಹಿಂದೆ ಹತ್ತು ಹುಡುಗರು, ಹುಡುಗಿಯರು ಸ್ಟಿಕ್ಕು ಹಿಡಿಯಲಿ.

ಕೊನೆಯದಾಗಿ ಹುಡುಗನ ತಂದೆಗೆ ಒಂದು ಮಾತು. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಯಜಮಾನರೆ, ಮಗ ಅಂಗಡಿಯಲ್ಲಿ ಕೂರಬೇಕೋ ಮೈದಾನಕ್ಕೆ ಹೋಗಬೇಕೋ ಎಂದು ಇವತ್ತೇ ತೀರ್ಮಾನ ಮಾಡಬೇಡಿ. ಪರೀಕ್ಷೆಯ ಫೀಜು ಕಟ್ಟಿ, ಸಂಜೆ ಅವನನ್ನು ಆಡಲು ಬಿಡಿ. ಆ ಹೊತ್ತಿಗೆ ಅಂಗಡಿ ನೋಡಿಕೊಳ್ಳಲು ಜನ ಬೇಕಾದರೆ, ಈ ಸಭೆಯಲ್ಲಿ ಕೈ ಎತ್ತುವವರು ಇದ್ದಾರೆ ಎಂದು ನಂಬಿದ್ದೇನೆ. ಎಲ್ಲಿ, ಎತ್ತಿ ನೋಡೋಣ.