ಮೂರನೆಯ ಸ್ಥಾನದ ಬಾಗಿಲು

(ಡೊಂಬಿವಲಿಯಲ್ಲಿ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ವೇದಿಕೆಯಲ್ಲಿ ವಚನವನ್ನೋ ಗಡಿಸಮಸ್ಯೆಯನ್ನೋ ಕುರಿತು ಮಾತನಾಡುವುದು ರೂಢಿ. ಇಂದು ನಾನು ಫುಟ್‌ಬಾಲಿನ ಲೆಕ್ಕವೊಂದನ್ನು ಎತ್ತಿಕೊಂಡಿದ್ದೇನೆ. ಅಧ್ಯಕ್ಷರು ವಿಷಯ ಕೇಳಿದಾಗ ಕ್ಷಣಕಾಲ ಸುಮ್ಮನಾದರು. ಆದರೂ ಅನುಮತಿ ಕೊಟ್ಟರು. ಅವರಿಗೆ ಕೃತಜ್ಞ.

ಇಲ್ಲಿಂದ ಠಾಣೆಗೆ ಹೋಗಿ ಗಾಡಿ ಬದಲಿಸಿದರೆ ನೆರೂಳ್ ತಲುಪುತ್ತೇವೆ. ಅಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣವನ್ನು ನಮ್ಮಲ್ಲಿ ಬಹುಮಂದಿ ಬಲ್ಲದ್ದು ಕ್ರಿಕೆಟ್ಟಿನಿಂದ. ಆದರೆ 2022ರ ಜನವರಿ 20ರಂದು ಅಲ್ಲಿ ನಡೆದದ್ದು ಮಹಿಳೆಯರ ಏಷ್ಯಾ ಕಪ್ ಫುಟ್‌ಬಾಲಿನ ಭಾರತ-ಇರಾನ್ ಪಂದ್ಯ. ಕೊರೋನಾದ ಕಾಲ, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ನಮ್ಮ ನೆರೆಯಲ್ಲೇ ನಡೆದ ಆಟವನ್ನು ನಾವು ದೂರದರ್ಶಕದ ಪರದೆಯ ಮೇಲೆ ನೋಡಬೇಕಾಯಿತು. ನಮ್ಮ ಹುಡುಗಿಯರು ಅವಕಾಶಗಳನ್ನು ಕಳೆದುಕೊಂಡರು. ಪಂದ್ಯ ಗೋಲಿಲ್ಲದೆ ಸಮನಾಯಿತು. ಮರುದಿನ ಬಹುಮಂದಿ ನಿಟ್ಟುಸಿರಿಟ್ಟು, ಇನ್ನೇನು ಮುಗಿಯಿತು ಎಂದರು. ಮುಗಿದಿರಲಿಲ್ಲ ಎಂಬುದೇ ನನ್ನ ಇಂದಿನ ವಾದ.

ಕೂಟದ ರಚನೆಯನ್ನು ಸ್ವಲ್ಪ ಗಮನಿಸಬೇಕು. ಹನ್ನೆರಡು ತಂಡಗಳು, ನಾಲ್ಕು ನಾಲ್ಕರಂತೆ ಮೂರು ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡಗಳು ಎಂಟರ ಘಟ್ಟಕ್ಕೆ. ಮೂರನೆಯ ಸ್ಥಾನದಲ್ಲಿ ನಿಂತ ಮೂರು ತಂಡಗಳಲ್ಲಿ ಉತ್ತಮವಾದ ಎರಡೂ ಅಲ್ಲಿಗೇ. ಅಂದರೆ ಹನ್ನೆರಡರಲ್ಲಿ ಮನೆಗೆ ಮರಳುವವು ನಾಲ್ಕೇ. ಎಂಟರೊಳಗೆ ಬಂದವರಿಗೆ ದೊರೆತದ್ದೂ ಸಾಮಾನ್ಯವಲ್ಲ. ಆಸ್ಟ್ರೇಲಿಯಾ 2023ರ ವಿಶ್ವಕಪ್ಪಿನ ಆತಿಥೇಯವಾಗಿ ಮೊದಲೇ ಸ್ಥಾನ ಪಡೆದಿತ್ತು. ಉಳಿದ ಏಳಕ್ಕೂ ವಿಶ್ವಕಪ್ಪಿನಲ್ಲಿ ನೇರ ಸ್ಥಾನ, ಇಲ್ಲವೇ ಖಂಡಾಂತರ ಪ್ಲೇ-ಆಫ್‌ನ ಅವಕಾಶ ದಕ್ಕಿತು. ಇಂಥ ರಚನೆಯನ್ನು ಪಂಡಿತರು ಹಳಿಯುತ್ತಾರೆ, ದುರ್ಬಲರಿಗೆ ಇದು ಧರ್ಮಛತ್ರವೆಂದು. ನಾನು ಒಪ್ಪುವುದಿಲ್ಲ. ಬಲಿಷ್ಠರೊಡನೆ ಆಡದೆ ದುರ್ಬಲರು ಬಲಿಯುವುದು ಹೇಗೆ?

ಈಗ ಲೆಕ್ಕಕ್ಕೆ ಬರೋಣ. ಪುಣೆಯಲ್ಲಿ ಆಡುತ್ತಿದ್ದ ಗುಂಪಿನಲ್ಲಿ ವಿಯೆಟ್ನಾಂ ಕೊರಿಯಾಕ್ಕೆ 0-3ರಿಂದ, ಜಪಾನಿಗೆ 0-3ರಿಂದ ಸೋತಿತು. ಮ್ಯಾನ್ಮಾರ್ ಜೊತೆ 2-2ರಿಂದ ಸಮ ಮಾಡಿಕೊಂಡಿತು. ಒಂದೂ ಗೆಲುವಿಲ್ಲ, ಒಂದೇ ಅಂಕ. ಮ್ಯಾನ್ಮಾರಿಗೂ ಒಂದೇ ಅಂಕ. ಆದರೆ ಅದು ಜಪಾನಿಗೆ ಐದು, ಕೊರಿಯಾಕ್ಕೆ ಎರಡು ಗೋಲು ಬಿಟ್ಟುಕೊಟ್ಟಿತ್ತು. ವಿಯೆಟ್ನಾಮಿನ ಗೋಲು ಕೊರತೆ ಆರು, ಮ್ಯಾನ್ಮಾರಿನದು ಏಳು. ಒಂದೇ ಒಂದು ಗೋಲಿನ ಅಂತರದಲ್ಲಿ ವಿಯೆಟ್ನಾಂ ಮೂರನೆಯದಾಯಿತು. ಇನ್ನೊಂದು ಗುಂಪಿನಲ್ಲಿ ಥಾಯ್ಲೆಂಡ್ ಇಂಡೋನೇಷ್ಯಾವನ್ನು 4-0ರಿಂದ ಸೋಲಿಸಿ ಮೂರು ಅಂಕದೊಡನೆ ಮೂರನೆಯದಾಗಿತ್ತು.

ಭಾರತಕ್ಕೆ ಉಳಿದಿದ್ದದ್ದು ಚೈನೀಸ್ ತೈಪೆ ಮತ್ತು ಚೀನಾ. ಇವೆರಡರಲ್ಲಿ ಒಂದನ್ನು ಸಮ ಮಾಡಿಕೊಂಡಿದ್ದರೂ ಎರಡು ಅಂಕವಾಗಿ ವಿಯೆಟ್ನಾಮನ್ನು ಹಿಂದಿಕ್ಕುತ್ತಿದ್ದೆವು. ಎರಡನ್ನೂ ಸೋತಿದ್ದರೆ? ಇದೇ ಸ್ವಾರಸ್ಯ. ಇರಾನ್ ಚೀನಾಕ್ಕೆ ಏಳು, ತೈಪೆಗೆ ಐದು ಗೋಲುಗಳಿಂದ ಸೋತದ್ದರಿಂದ ಗುಂಪಿನ ಕೊನೆಯ ಸ್ಥಾನ ಅದಕ್ಕೇ ಬೀಳುವ ಸಂಭವ ಹೆಚ್ಚು. ಇನ್ನು ಭಾರತ, ತೈಪೆ ಸೋತಂತೆಯೇ ಚೀನಾಕ್ಕೆ 0-4ರಿಂದ ಸೋತು, ತೈಪೆಗೆ 0-1ರಿಂದ ಸೋತಿದ್ದರೆ ಕೊರತೆ ಐದು. ವಿಯೆಟ್ನಾಮಿಗಿಂತ ಒಂದು ಕಡಿಮೆ! ಎರಡು ಸೋಲುಗಳೊಡನೆಯೂ ಭಾರತ ಎಂಟರ ಘಟ್ಟದಲ್ಲಿರುತ್ತಿತ್ತು. ಎಲ್ಲರೂ ಹಳಿದ ಆ ಗೋಲಿಲ್ಲದ ಸಮ ಪಂದ್ಯದ ಬೆಲೆ ಅಷ್ಟಿತ್ತು.

ಆಗಲಿಲ್ಲ. ಆಟಗಾರ್ತಿಯರು ಒಬ್ಬರ ಹಿಂದೊಬ್ಬರು ಕೊರೋನಾ ಸೋಂಕಿಗೆ ಒಳಗಾದರು. ಪಂದ್ಯಕ್ಕೆ ಕನಿಷ್ಠ ಹದಿಮೂರು ಮಂದಿಯಾದರೂ ಬೇಕೆಂಬುದು ನಿಯಮ. ಜನವರಿ 23ರಂದು ತೈಪೆಯೆದುರು ಅಷ್ಟು ಮಂದಿಯನ್ನು ಹೆಸರಿಸಲು ಭಾರತಕ್ಕೆ ಸಾಧ್ಯವಾಗಲಿಲ್ಲ. ತಂಡ ಕೂಟದಿಂದ ಹಿಂದೆಗೆದಂತೆ ಪರಿಗಣಿಸಲಾಯಿತು. ಇರಾನ್ ಜೊತೆಗಿನ ಪಂದ್ಯವೂ ರದ್ದಾಯಿತು. ದಾಖಲೆಯ ಪ್ರಕಾರ ಆತಿಥೇಯ ಭಾರತ ಆ ಕೂಟದಲ್ಲಿ ಆಡಲೇ ಇಲ್ಲ. ಅತ್ತ ಇರಾನಿನ ಹೆಣ್ಣುಮಕ್ಕಳು ಬೆವರು ಸುರಿಸಿ ಗಳಿಸಿದ ಒಂದಂಕವೂ ಅಳಿಸಿಹೋಯಿತು. ಅವರ ತಪ್ಪೇನಿತ್ತು?

ನಿಯಮವನ್ನು ಮೊದಲೇ ಬರೆದಿದ್ದರು, ಎಲ್ಲರಿಗೂ ಒಂದೇ ಎಂಬ ಸಮರ್ಥನೆಯುಂಟು; ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ‘ಕನಿಷ್ಠ ಸಂಖ್ಯೆ’ ಎಂಬ ಮಾತು ಹೊರನಾಡ ಕನ್ನಡಿಗರಿಗೆ ಬೇರೆಯೇ ರೀತಿಯಲ್ಲಿ ಪರಿಚಿತ. ಮಕ್ಕಳು ಸಾಲರೆಂದು ಕನ್ನಡ ತರಗತಿಯೊಂದು ಮುಚ್ಚಿದಾಗ, ಉಳಿದ ಮಕ್ಕಳು ಅದುವರೆಗೆ ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಒಂದೆರಡು ದಿನ ಪಂದ್ಯವನ್ನು ಮುಂದೂಡುವ ಅವಕಾಶವನ್ನಾದರೂ ನಿಯಮ ಬರೆದವರು ಇಟ್ಟುಕೊಳ್ಳಬಹುದಿತ್ತು ಎಂದೇ ನನ್ನ ಅಭಿಪ್ರಾಯ.

ಒಂದಂಕದ ವಿಯೆಟ್ನಾಮಿನ ಕಥೆಯನ್ನು ಮುಗಿಸಿಬಿಡುತ್ತೇನೆ. ಎಂಟರ ಘಟ್ಟದಲ್ಲಿ ಅದು ಚೀನಾಕ್ಕೆ 1-3ರಿಂದ ಸೋತಿತು. ಬಳಿಕ ಸೋತವರ ಪ್ಲೇ-ಆಫ್‌ನಲ್ಲಿ ಥಾಯ್ಲೆಂಡನ್ನು 2-0ರಿಂದ, ಫೆಬ್ರವರಿ 6ರಂದು ತೈಪೆಯನ್ನು 2-1ರಿಂದ ಗೆದ್ದು ಮೊದಲ ಬಾರಿಗೆ ವಿಶ್ವಕಪ್ ಪ್ರವೇಶಿಸಿತು. ವಿಶ್ವಕಪ್ಪಿನಲ್ಲಿ ಮೂರು ಪಂದ್ಯಗಳನ್ನೂ ಸೋತಿತೆಂಬುದು ನಿಜ. ಆದರೆ ಆಡಿತಲ್ಲ!

ನಮ್ಮ ನಾಡಿನ ಉದಾಹರಣೆಯೂ ಇದೆ. 2022-23ರ ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕ ಗುಂಪಿನ ಅಗ್ರಸ್ಥಾನಿಯಲ್ಲ. ಪಂಜಾಬಿನ ಹಿಂದೆ ಎರಡನೆಯದು. ಕೇರಳವನ್ನು 1-0ರಿಂದ ಸೋಲಿಸಿದ್ದು ಅದರ ಕೈಹಿಡಿಯಿತು. ರಿಯಾದಿನಲ್ಲಿ ಸೆಮಿಫೈನಲಿನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ, 2023ರ ಮಾರ್ಚ್ 4ರ ಫೈನಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಹಿಂದಿನ ಗೆಲುವು 1968-69ರದು. ಆಗ ತಂಡದ ಹೆಸರು ಇನ್ನೂ ಮೈಸೂರು. ಈ ಸುದ್ದಿ ಬಂದ ದಿನ ನಮ್ಮ ಸಂಘಗಳ ಎಷ್ಟು ಫಲಕಗಳ ಮೇಲೆ ಅದನ್ನು ಬರೆದಿದ್ದೆವು ಎಂದು ನಾವೇ ಕೇಳಿಕೊಳ್ಳಬೇಕು.

ಭಾರತದ ಮಹಿಳೆಯರು 2025ರ ಜುಲೈ 5ರಂದು ಚಿಯಾಂಗ್ ಮೈ ನಗರದಲ್ಲಿ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹರಾದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರವು. ಈ ಬಾರಿ ಆತಿಥೇಯರೆಂಬ ರಿಯಾಯಿತಿಯಿಲ್ಲ, ಅರ್ಹತಾ ಪಂದ್ಯಗಳನ್ನು ಗೆದ್ದೇ ಹೋದದ್ದು. ಬಳಿಕ ಗುಂಪುಗಳ ಚೀಟಿ ಎತ್ತಿದಾಗ ಭಾರತದ ಪಾಲಿಗೆ ಬಂದ ಮೂರು ತಂಡಗಳು ಜಪಾನ್, ವಿಯೆಟ್ನಾಂ ಮತ್ತು, ನೆರೂಳಿನಲ್ಲಿ ಎದುರಿಸಲಾಗದೆ ಹೋದ ಅದೇ ಚೈನೀಸ್ ತೈಪೆ.